ಕಾರು ನಿಂತುಹೋದರೆ ಏನು ಮಾಡುತ್ತೀರಿ?

ಏಪ್ರಿಲ್ ಬಂತೆಂದರೆ ಈ ಅಂಕಣಕ್ಕೆ ಬರುವ ಪ್ರಶ್ನೆಗಳ ಜಾಡೇ ಬದಲಾಗುತ್ತದೆ. ಯಾವ ಫೋನ್ ಕೊಳ್ಳಲಿ, ಬ್ಯಾಂಕಿನ ಒಟಿಪಿ ಯಾಕೆ ಬರುತ್ತಿಲ್ಲ ಎಂದು ವರ್ಷವಿಡೀ ಕೇಳುವವರೆಲ್ಲ ಒಮ್ಮೆಲೇ ಮಕ್ಕಳ ಸುದ್ದಿಗೆ ಬರುತ್ತಾರೆ. ಕೂಕಟ್‌ಪಲ್ಲಿಯ ತಾಯಿಯೊಬ್ಬರು, ‘ಮಗಳು ಆರನೇ ಕ್ಲಾಸ್ ಮುಗಿಸಿದಳು ಮೇಡಂ, ರೊಬೊಟಿಕ್ಸ್‌ಗೆ ಹಾಕಲಾ, ಎಐಗೆ ಹಾಕಲಾ?’ ಎಂದು ಕೇಳಿದ್ದಾರೆ. ಕಲಬುರಗಿಯ ಅಜ್ಜನೊಬ್ಬರದು ಇನ್ನೂ ನೇರ: ‘ಮೊಮ್ಮಗ ಎಂಟನೇತ್ತ ಮುಗಿಸ್ಯಾನ್ರಿ. ಹೈದರಾಬಾದದಾಗ ಮಗಳ ಮನಿ ಅದ, ಇರ್ಲಾಕ ತೊಂದ್ರಿ ಇಲ್ಲ. ಕಂಪ್ಯೂಟರಿಂದು ಛಲೋ ಕ್ಯಾಂಪ್ ಒಂದು ಹೇಳ್ರಿ, ರೊಕ್ಕದ್ದು ಆಮ್ಯಾಲ ನೋಡಮು.’ ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರದಲ್ಲೂ ಅಷ್ಟೆ. ಭಾಷಣ ಮುಗಿದು ಉಪ್ಪಿಟ್ಟಿನ ತಟ್ಟೆ ಕೈಗೆ ಬರುತ್ತಲೇ ಯಾರಾದರೊಬ್ಬರು ಪಕ್ಕಕ್ಕೆ ಕರೆದು ಇದನ್ನೇ ವಿಚಾರಿಸುತ್ತಾರೆ.

ನಾನು ಶಿಬಿರದ ಹೆಸರು ಹೇಳುವುದಿಲ್ಲ. ಈ ವರ್ಷ ಚೆನ್ನಾಗಿ ನಡೆದದ್ದು ಮುಂದಿನ ವರ್ಷ ಮೇಷ್ಟ್ರು ಬದಲಾದರೆ ಕೆಡಬಹುದು. ಬ್ರೋಷರಿನಲ್ಲಿರುವ ವಿಷಯಗಳ ಪಟ್ಟಿಗೂ ನಾನು ಹೆಚ್ಚು ಬೆಲೆ ಕೊಡುವುದಿಲ್ಲ. ಎರಡು ವಾರದಲ್ಲಿ ಪೈಥಾನ್, ರೊಬೊಟಿಕ್ಸ್, ಎಐ, ಡ್ರೋನ್, 3ಡಿ ಪ್ರಿಂಟಿಂಗ್ ಐದನ್ನೂ ಕಲಿಸುತ್ತೇವೆ ಎಂದು ಬರೆದವರು ಐದನ್ನೂ ತೋರಿಸಿ ಕಳಿಸುತ್ತಾರೆ, ಅಷ್ಟೆ. ಫೀಸು ಕಟ್ಟುವ ಮುಂಚೆ ನಾನು ಕೇಳಿಸುವುದು ಒಂದೇ ಪ್ರಶ್ನೆ: ಮಗು ಮಾಡಿದ್ದು ಓಡದೇ ಹೋದರೆ ನಿಮ್ಮಲ್ಲಿ ಏನಾಗುತ್ತದೆ? ಇದಕ್ಕೆ ತಡವರಿಸದೆ ಉತ್ತರ ಕೊಡುವವರು ಕಡಿಮೆ. ‘ಇಲ್ಲ ಮೇಡಂ, ನಮ್ಮದು ಎಲ್ಲಾ ಟೆಸ್ಟ್ ಆಗಿರೋ ಕಿಟ್, ಫೇಲ್ ಆಗೋದೇ ಇಲ್ಲ’ ಎಂದು ಹೆಮ್ಮೆಯಿಂದ ಹೇಳುವವರು ಬಹಳ.

ಹೈದರಾಬಾದಿಗೆ ಕೋರ್ಸು ಮಾರುವ ವಿದ್ಯೆ ಹೊಸದಲ್ಲ. 1998ರ ನವೆಂಬರಿನಲ್ಲಿ ಮಾಧಾಪುರದ ಸೈಬರ್ ಟವರ್ಸ್ ಉದ್ಘಾಟನೆಯಾಯಿತು. ಆ ಹೊತ್ತಿಗಾಗಲೇ ಅಮೀರ್‌ಪೇಟೆಯ ಗಲ್ಲಿಗಳಲ್ಲಿ ಕಂಪ್ಯೂಟರ್ ತರಗತಿಗಳು ಬೇರುಬಿಟ್ಟಿದ್ದವು. ಮೈತ್ರಿವನಂ ಸುತ್ತ ಗೋಡೆಯೇ ಕಾಣದಷ್ಟು ಬೋರ್ಡುಗಳು: ಜಾವಾ, ಒರಾಕಲ್, ಎಸ್‌ಎಪಿ, ಟೆಸ್ಟಿಂಗ್. ರಾಯಚೂರು, ಬೀದರ್, ಕಲಬುರಗಿ ಕಡೆಯ ಎಷ್ಟೋ ಹುಡುಗರು ಅಲ್ಲಿನ ಹಾಸ್ಟೆಲ್ಲುಗಳಲ್ಲಿದ್ದು ಕಲಿತು ಕೆಲಸ ಹಿಡಿದವರೇ. ನಾನು ಅದನ್ನು ಕೀಳಾಗಿ ಕಾಣುವವಳಲ್ಲ. ಡಿಗ್ರಿ ಮುಗಿಸಿದವನಿಗೆ ಕೆಲಸ ಬೇಕು, ಕೆಲಸಕ್ಕೆ ಬೇಕಾದ್ದನ್ನು ಎರಡು ತಿಂಗಳಲ್ಲಿ ತುಂಬಿ ಕಳಿಸುವ ಅಂಗಡಿಯೂ ಬೇಕು. ತೊಂದರೆ ಎಂದರೆ, ಇಪ್ಪತ್ತೆರಡರ ಹುಡುಗನಿಗೆ ಹೊಲಿದ ಆ ಅಂಗಿಯನ್ನೇ ಅಳತೆ ಕಿರಿದು ಮಾಡಿ ಎಂಟರ ಮಗುವಿಗೆ ತೊಡಿಸಲು ಹೊರಟಿದ್ದಾರೆ. ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಅಂಟಿಸಿರುವ ಚೀಟಿ ನೋಡಿದರೆ ಗೊತ್ತಾಗುತ್ತದೆ. ಅದರಲ್ಲಿ ಮಗು ಏನು ಮಾಡುತ್ತದೆ ಎಂಬುದಿಲ್ಲ, ಮುಂದೆ ಏನಾಗುತ್ತದೆ ಎಂಬುದಿದೆ.

ಮಗು ಎಲ್ಲಿ ಹಿಂದೆ ಬಿದ್ದೀತೋ ಎಂಬ ಹೆತ್ತವರ ಭಯ ತಾನಾಗಿ ಹುಟ್ಟಿದ್ದಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮಾಧ್ಯಮಿಕ ಹಂತದಿಂದ, ಅಂದರೆ ಆರನೇ ತರಗತಿಯಿಂದ, ಕೋಡಿಂಗ್ ಚಟುವಟಿಕೆ ಇರಲಿ ಎಂದಿತು. ಆಗ ಕೋವಿಡ್ ಕಾಲ, ಮಕ್ಕಳೆಲ್ಲ ಪರದೆಯ ಮುಂದೆ. ‘ವೈಟ್‌ಹ್ಯಾಟ್ ಜೂನಿಯರ್’ ಕಂಪನಿಯ ಜಾಹೀರಾತಿನಲ್ಲಿ ‘ವುಲ್ಫ್ ಗುಪ್ತ’ ಎಂಬ ಹುಡುಗ ಬಂದ. ಹದಿಮೂರರ ಪ್ರಾಯಕ್ಕೇ ಗೂಗಲ್ಲಿನಲ್ಲಿ ಕೋಟಿ ಮೀರಿದ ಸಂಬಳ. ಜಾಹೀರಾತಿನಿಂದ ಜಾಹೀರಾತಿಗೆ ಅವನ ಸಂಬಳ ಬದಲಾಗುವುದನ್ನು ಜನ ಗಮನಿಸಿದರು. ಅಂಥ ಹುಡುಗನೇ ಇಲ್ಲ, ಅದು ಕಲ್ಪಿತ ಪಾತ್ರ ಎಂದು ಆಮೇಲೆ ಗೊತ್ತಾಯಿತು. ಆ ವರ್ಷದ ಅಕ್ಟೋಬರಿನಲ್ಲಿ ಜಾಹೀರಾತು ಮಾನದಂಡ ಮಂಡಳಿಯ ಮಾತಿನ ಮೇಲೆ ಕಂಪನಿ ಐದು ಜಾಹೀರಾತುಗಳನ್ನು ಹಿಂತೆಗೆದುಕೊಂಡಿತು. ಅಷ್ಟರಲ್ಲಿ ಬೈಜೂಸ್ ಅದನ್ನು 30 ಕೋಟಿ ಡಾಲರಿಗೆ ಕೊಂಡಾಗಿತ್ತು. ಜಾಹೀರಾತು ಹೋಯಿತು, ಅದು ಮನೆಮನೆಯಲ್ಲಿ ಬಿತ್ತಿದ ಕಳವಳ ಹೋಗಲಿಲ್ಲ. ಇಂದು ಲಿಫ್ಟಿನ ಚೀಟಿಗಳು ಬೆಳೆ ತೆಗೆಯುತ್ತಿರುವುದು ಆ ಹೊಲದಲ್ಲೇ.

ಬೇಸಿಗೆ ಕಂಪ್ಯೂಟರ್ ಶಿಬಿರ ಎಂಬುದು ಮಾತ್ರ ಈ ಕಳವಳಕ್ಕಿಂತ ಬಹಳ ಹಳೆಯದು. ಅಮೆರಿಕದ ಕನೆಕ್ಟಿಕಟ್‌ನಲ್ಲಿ ಮೈಕೆಲ್ ಜಬಿನ್‌ಸ್ಕಿ ಎಂಬ ಪ್ರಾಧ್ಯಾಪಕರು 1977ರಲ್ಲೇ ಮಕ್ಕಳಿಗಾಗಿ ಅಂಥದ್ದೊಂದನ್ನು ನಡೆಸಿದರು. ನಮ್ಮಲ್ಲಿ ಇನ್ಫೊಸಿಸ್ ಬೆಂಗಳೂರಿನಲ್ಲಿ 1997ರಲ್ಲಿ ‘ಕ್ಯಾಚ್ ದೆಮ್ ಯಂಗ್’ ಶುರು ಮಾಡಿತು. ಒಂಬತ್ತನೇ ತರಗತಿಯ ಮಕ್ಕಳನ್ನು ಆರಿಸಿ, ಬೇಸಿಗೆ ರಜೆಯಲ್ಲಿ ಕರೆಸಿ, ಪ್ರೋಗ್ರಾಮಿಂಗ್ ರುಚಿ ತೋರಿಸುವ ಕಾರ್ಯಕ್ರಮ ಅದು. ಇವೆಲ್ಲಕ್ಕೂ ಮೂಲದಲ್ಲಿ ಒಬ್ಬ ಮನುಷ್ಯ ಇದ್ದಾನೆ: ಸೀಮೋರ್ ಪಾಪರ್ಟ್. 1967ರಲ್ಲಿ ಇಬ್ಬರು ಸಂಗಾತಿಗಳೊಂದಿಗೆ ಮಕ್ಕಳಿಗೆಂದೇ ಲೋಗೊ ಎಂಬ ಪ್ರೋಗ್ರಾಮಿಂಗ್ ಭಾಷೆ ಕಟ್ಟಿದ ಗಣಿತಜ್ಞ. 1980ರಲ್ಲಿ ಬಂದ ಅವನ ‘ಮೈಂಡ್‌ಸ್ಟಾರ್ಮ್ಸ್’ ಪುಸ್ತಕದ ಒಂದು ವಿಚಾರ ನನ್ನ ತಲೆಯಿಂದ ಹೋಗಿಲ್ಲ. ಶಾಲೆಯಲ್ಲಿ ಉತ್ತರ ಒಂದೋ ಸರಿ, ಇಲ್ಲವೋ ತಪ್ಪು, ಕೆಂಪು ಮಸಿ ಬಿದ್ದರೆ ಕಥೆ ಮುಗಿಯಿತು. ಪ್ರೋಗ್ರಾಮು ಬರೆಯುವಲ್ಲಿ ಹಾಗಲ್ಲ. ಮೊದಲ ಸಲಕ್ಕೆ ಅದು ಓಡುವುದೇ ಇಲ್ಲ. ಹಾಗಾಗಿ ಅಲ್ಲಿ ಕೇಳಬೇಕಾದದ್ದು ಇದನ್ನು ರಿಪೇರಿ ಮಾಡಬಹುದೇ, ಹೇಗೆ ಎಂಬುದನ್ನು. ಪಾಪರ್ಟ್ ಕಂಪ್ಯೂಟರನ್ನು ಮಕ್ಕಳ ಕೈಗೆ ಕೊಡಲು ಹೊರಟದ್ದು ಈ ಅಭ್ಯಾಸಕ್ಕಾಗಿಯೇ ಹೊರತು ಸಂಬಳಕ್ಕಾಗಿ ಅಲ್ಲ.

ಕಳೆದ ಬೇಸಿಗೆಯಲ್ಲಿ ಮಿಯಾಪುರದ ಕಡೆ ಒಂದು ಶಿಬಿರಕ್ಕೆ ಪರಿಚಿತರ ಮಗನನ್ನು ಬಿಡಲು ಹೋದವಳು ಅನುಮತಿ ಕೇಳಿ ಅಲ್ಲೇ ಕುಳಿತೆ. ಮೂರು ಮಕ್ಕಳ ಗುಂಪು ಒಂದು ಪುಟ್ಟ ಕಾರು ಕಟ್ಟಿತ್ತು. ಆರ್ಡುಯಿನೊ ಬೋರ್ಡು, ಎರಡು ಹಳದಿ ಬಿಒ ಮೋಟಾರು, ಮೂತಿಗೆ ಎರಡು ಕಣ್ಣಿನಂತೆ ಕಾಣುವ ಅಲ್ಟ್ರಾಸೋನಿಕ್ ಸೆನ್ಸರು, ಒಂಬತ್ತು ವೋಲ್ಟಿನ ಚೌಕ ಬ್ಯಾಟರಿ. ಎದುರಿಗೆ ಗೋಡೆ ಬಂದರೆ ತಾನೇ ತಿರುಗಬೇಕು. ಸ್ವಿಚ್ಚು ಹಾಕಿದರೆ ಒಂದು ಗೇಣು ಮುಂದೆ ಹೋಗಿ ನಿಲ್ಲುತ್ತದೆ, ಬೋರ್ಡಿನ ದೀಪ ಆರಿ ಹತ್ತುತ್ತದೆ, ಮತ್ತೆ ಒಂದು ಗೇಣು, ಮತ್ತೆ ನಿಲುಗಡೆ. ‘ಅಕ್ಕಾ, ಕೋಡ್ ತಪ್ಪಾಗಿದೆ’ ಎಂದ ಒಬ್ಬ. ಕಲಿಸುತ್ತಿದ್ದವಳು ಬಿ.ಟೆಕ್ ಓದುವ ಹುಡುಗಿ. ಲ್ಯಾಪ್‌ಟಾಪಿಗೆ ಕೈ ಹಾಕಲಿಲ್ಲ. ಒಂದು ಮಲ್ಟಿಮೀಟರ್ ತಂದು ಅವರ ಮುಂದಿಟ್ಟು, ‘ಕಾರು ನಿಂತಿದ್ದಾಗ ಬ್ಯಾಟರಿ ಎಷ್ಟು ತೋರಿಸುತ್ತೆ, ಹೊರಡೋ ಗಳಿಗೆಯಲ್ಲಿ ಎಷ್ಟು ತೋರಿಸುತ್ತೆ, ಎರಡೂ ಬರೀರಿ’ ಎಂದು ಮುಂದಿನ ಗುಂಪಿನ ಹತ್ತಿರ ಹೋದಳು.

ನಿಂತಾಗ ಎಂಟೂವರೆ ವೋಲ್ಟಿನ ಆಸುಪಾಸು. ಹೊರಡುವ ಗಳಿಗೆಯಲ್ಲಿ ಅಂಕಿ ದಡಕ್ಕನೆ ಆರರ ಕೆಳಗೆ ಇಳಿಯಿತು. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿದರು. ಮೋಟಾರು ಹೊರಡುವಾಗ ಹೀರುವ ಕರೆಂಟನ್ನು ಒದಗಿಸುವ ಶಕ್ತಿ ಆ ಚೌಕ ಬ್ಯಾಟರಿಗೆ ಇಲ್ಲ. ವೋಲ್ಟೇಜು ಕುಸಿದರೆ ಬೋರ್ಡು ಮೂರ್ಛೆ ಹೋಗಿ ಮೊದಲಿನಿಂದ ಶುರುವಾಗುತ್ತದೆ. ಕೋಡಿನಲ್ಲಿ ಒಂದಕ್ಷರದ ತಪ್ಪೂ ಇರಲಿಲ್ಲ. ಮೋಟಾರಿಗೆ ಬೇರೆ, ಬೋರ್ಡಿಗೆ ಬೇರೆ ಬ್ಯಾಟರಿ ಕೊಟ್ಟು, ಎರಡರ ನೆಗೆಟಿವ್ ತಂತಿಯನ್ನು ಒಂದು ಮಾಡಿದ ಮೇಲೆ ಕಾರು ಓಡಿತು. ಗೋಡೆಯ ಮುಂದೆ ಜಾಣನಂತೆ ತಿರುಗಿತು. ಸಂಭ್ರಮ ಮುಗಿಯುವುದರೊಳಗೆ ಕಿಟಕಿಯ ಪರದೆಗೆ ಹೋಗಿ ನೇರ ಗುದ್ದಿತು. ಗೋಡೆ ಕಾಣುವ ಕಣ್ಣಿಗೆ ಪರದೆ ಯಾಕೆ ಕಾಣಲಿಲ್ಲ? ಅದು ಕಣ್ಣಲ್ಲ, ಕಿವಿ. ನಮಗೆ ಕೇಳಿಸದಷ್ಟು ಎತ್ತರದ, ಸೆಕೆಂಡಿಗೆ 40 ಸಾವಿರ ಕಂಪನದ ಸದ್ದು ಹೊರಡಿಸಿ, ಅದು ತಿರುಗಿ ಬರಲು ಹಿಡಿದ ಹೊತ್ತಿನಿಂದ ದೂರ ಲೆಕ್ಕ ಹಾಕುತ್ತದೆ. ಮೆತ್ತನೆಯ ಬಟ್ಟೆ ಸದ್ದನ್ನು ನುಂಗಿಬಿಡುತ್ತದೆ. ಇದನ್ನು ಅವಳು ಹೇಳಲಿಲ್ಲ. ಪರದೆ, ಪುಸ್ತಕ, ದಿಂಬು, ಓರೆಯಾಗಿ ಹಿಡಿದ ರಟ್ಟು ಎಲ್ಲವನ್ನೂ ಸೆನ್ಸರಿನ ಮುಂದೆ ಹಿಡಿದು ನೋಡಿ ಮಕ್ಕಳೇ ಪಟ್ಟಿ ಮಾಡಿದರು. ಆ ಬೆಳಗಿನ ಪಾಠಪಟ್ಟಿಯಲ್ಲಿ ಬರೆದದ್ದು ಅರ್ಧದಷ್ಟೂ ಮುಗಿಯಲಿಲ್ಲ. ಅದಕ್ಕೇ ಆ ಶಿಬಿರ ನನಗೆ ಹಿಡಿಸಿತು.

ಇದಕ್ಕೆ ತದ್ವಿರುದ್ಧದ್ದನ್ನೂ ಕಂಡಿದ್ದೇನೆ. ಕೊನೆಯ ದಿನ ‘ಡೆಮೊ ಡೇ’. ಹೆತ್ತವರು ಫೋನು ಹಿಡಿದು ಸಾಲಾಗಿ ನಿಂತಿದ್ದಾರೆ, ಕಾರುಗಳು ಓಡುತ್ತಿವೆ. ಒಬ್ಬ ಹುಡುಗಿಯ ಕಾರು ನಿಂತಿತು. ಮೇಷ್ಟ್ರು ಮೇಜಿನ ಕೆಳಗಿನಿಂದ ಅದೇ ಬಣ್ಣದ ಇನ್ನೊಂದು ತೆಗೆದು ನೆಲದ ಮೇಲಿಟ್ಟರು. ಚಪ್ಪಾಳೆ ಬಿತ್ತು. ಆ ಹುಡುಗಿ ಮಾತ್ರ ತಾನು ಕಟ್ಟಿದ ಕಾರನ್ನು ಕೈಯಲ್ಲಿ ಹಿಡಿದು ನಿಂತಿದ್ದಳು. ಅದಕ್ಕೆ ಏನಾಗಿದೆ ಎಂದು ಯಾರೂ ನೋಡಲಿಲ್ಲ. ಅಲ್ಲಿನ ಕಿಟ್ಟಿನಲ್ಲಿ ತಪ್ಪು ಜೋಡಿಸಲು ಸಾಧ್ಯವೇ ಇಲ್ಲದಂತೆ ಪ್ಲಗ್ಗುಗಳಿಗೆ ಬಣ್ಣ ಹಚ್ಚಿದ್ದರು. ಕೆಂಪಿಗೆ ಕೆಂಪು, ನೀಲಿಗೆ ನೀಲಿ. ಚಿಕ್ಕವರಿಗೆ ಮೊದಲೆರಡು ದಿನ ಅದು ಸರಿಯೇ. ನಮ್ಮ ಕಡೆ ಬಾವಿಯಲ್ಲಿ ಈಜು ಕಲಿಸುವವರು ಬೆಂಡು ಕಟ್ಟಿ ಇಳಿಸುತ್ತಾರೆ, ನಾಲ್ಕು ದಿನ ಕಳೆದ ಮೇಲೆ ಬಿಚ್ಚುತ್ತಾರೆ. ಬಿಚ್ಚದೇ ಇದ್ದವನನ್ನು ಯಾರೂ ಈಜು ಬಲ್ಲವನು ಎನ್ನುವುದಿಲ್ಲ.

ಹಾಗಾಗಿ ಡೆಮೊ ಕ್ಲಾಸಿಗೆ ಹೋಗಬೇಡಿ. ಅದು ನಿಮಗಾಗಿ ಸಿಂಗರಿಸಿದ ಕ್ಲಾಸು. ಆಗಲೇ ನಡೆಯುತ್ತಿರುವ ಬ್ಯಾಚಿನ ಮಧ್ಯದ ದಿನ ಒಂದು ಗಂಟೆ ಹಿಂದಿನ ಬೆಂಚಿನಲ್ಲಿ ಕೂರುತ್ತೇನೆ ಎನ್ನಿ. ಒಪ್ಪದಿದ್ದರೆ ಅದೇ ಒಂದು ಉತ್ತರ. ಕುಳಿತಾಗ ಮೇಷ್ಟ್ರ ಕೈ ನೋಡಿ. ಮಗುವಿನ ಮೌಸು, ಸ್ಕ್ರೂಡ್ರೈವರು ಎಷ್ಟು ಸಲ ಅವರ ಕೈಗೆ ಹೋಗುತ್ತದೆ? ಒಂದು ಕಂಪ್ಯೂಟರಿನ ಮುಂದೆ ನಾಲ್ವರಿದ್ದರೆ ಕೀಬೋರ್ಡು ಯಾರ ವಶದಲ್ಲಿದೆ? ಹುಡುಗರೂ ಹುಡುಗಿಯರೂ ಇರುವ ಗುಂಪಿನಲ್ಲಿ ಬಹುತೇಕ ಹುಡುಗರು ವೈರು ಹಿಡಿದಿರುತ್ತಾರೆ, ಹುಡುಗಿಯರು ಚಾರ್ಟಿಗೆ ಬಣ್ಣ ಹಚ್ಚುತ್ತಿರುತ್ತಾರೆ. ಇದನ್ನು ಗಮನಿಸಿ ಸರದಿ ಬದಲಿಸುವ ಮೇಷ್ಟ್ರು ಸಿಕ್ಕರೆ ಕಣ್ಣುಮುಚ್ಚಿ ಸೇರಿಸಿ. ಕಲಿಸುವವರು ಕಾಲೇಜು ಹುಡುಗರು ಎಂದು ಮೂಗು ಮುರಿಯಬೇಡಿ. ತಾವೇ ಹೋದ ವರ್ಷ ಒದ್ದಾಡಿ ಕಲಿತದ್ದನ್ನು ಅವರು ಮರೆತಿರುವುದಿಲ್ಲ. ಭಾಷೆಯನ್ನೂ ಕೇಳಿಕೊಳ್ಳಿ. ಇಲ್ಲಿನ ಶಿಬಿರಗಳಲ್ಲಿ ಇಂಗ್ಲಿಷಿಗೆ ತೆಲುಗು ಬೆರೆಸಿದ ಮಾತು. ಕಲಬುರಗಿ, ಬೀದರಿನ ಮಕ್ಕಳು ಹಿಂದಿ-ಉರ್ದುವಿನಲ್ಲಿ ಹೇಗೋ ಸಂಭಾಳಿಸುತ್ತಾರೆ; ದಾವಣಗೆರೆಯಿಂದ ಚಿಕ್ಕಮ್ಮನ ಮನೆಗೆ ಬಂದ ಮಗು ಎರಡು ವಾರ ಬಾಯಿ ಬಿಡದೆ ಕೂರಬಹುದು. ಪ್ರಶ್ನೆ ಕೇಳದ ಮಗುವಿಗೆ ಯಾವ ಶಿಬಿರವೂ ಏನೂ ಕೊಡುವುದಿಲ್ಲ.

ಈಗ ಎಐ ವಿಷಯ. ಕೂಕಟ್‌ಪಲ್ಲಿಯ ತಾಯಿಗೆ ನಾನು ರೊಬೊಟಿಕ್ಸ್ ಎಂದೂ ಹೇಳಲಿಲ್ಲ, ಎಐ ಎಂದೂ ಹೇಳಲಿಲ್ಲ, ಮೊದಲು ಹೋಗಿ ಕುಳಿತು ನೋಡಿ ಎಂದೆ. ಏಕೆಂದರೆ ಎಐ ಶಿಬಿರದಲ್ಲಿ ಎರಡು ಜಾತಿ. ಒಂದರಲ್ಲಿ ಮಕ್ಕಳು ಚಾಟ್‌ಬಾಟಿಗೆ ಪ್ರಶ್ನೆ ಟೈಪಿಸಿ ಕಥೆ, ಚಿತ್ರ ಮಾಡಿಸಿ ಪ್ರಿಂಟು ಹಾಕಿಕೊಂಡು ಬರುತ್ತಾರೆ. ಇದಕ್ಕೆ ಶಿಬಿರ ಬೇಡ, ಸಾವಿರಾರು ರೂಪಾಯಿ ಫೀಸಂತೂ ಬೇಡವೇ ಬೇಡ. ಮೇಲಾಗಿ ಚಾಟ್‌ಜಿಪಿಟಿಯ ಸ್ವಂತ ನಿಯಮದಲ್ಲೇ 13 ತುಂಬದವರಿಗೆ ಅವಕಾಶವಿಲ್ಲ, 18ರವರೆಗೆ ಹೆತ್ತವರ ಒಪ್ಪಿಗೆ ಬೇಕು. ಎಂಟು ವರ್ಷದವರಿಗೆ ಯಾರ ಖಾತೆಯಲ್ಲಿ ಕಲಿಸುತ್ತೀರಿ ಎಂದು ಕೇಳಿದರೆ ಹಲವರ ಬಳಿ ಉತ್ತರವಿಲ್ಲ. ಇನ್ನೊಂದು ಜಾತಿಯದು ಯಂತ್ರಕ್ಕೆ ಮಕ್ಕಳೇ ಪಾಠ ಹೇಳುವ ಶಿಬಿರ.

ಅದನ್ನು ಮಾವಿನ ಹಣ್ಣಿನ ಮೂಲಕ ಮಾಡಿದ್ದನ್ನು ನೋಡಿದೆ. ಹೈದರಾಬಾದಿನ ಮೇ ತಿಂಗಳಲ್ಲಿ ಮಾವಿಗೇನು ಬರ? ಗೂಗಲ್‌ನ ‘ಟೀಚಬಲ್ ಮಷಿನ್’ ಎಂಬ ಪುಕ್ಕಟೆ ಸಾಧನ ಬ್ರೌಸರಿನಲ್ಲೇ ನಡೆಯುತ್ತದೆ, ಖಾತೆ ಬೇಕಿಲ್ಲ. ವೆಬ್‌ಕ್ಯಾಮಿನ ಮುಂದೆ ಬೇನಿಶಾನ್ ಹಿಡಿದು ಒಂದಷ್ಟು ಫೋಟೊ, ಹಿಮಾಯತ್ ಹಿಡಿದು ಒಂದಷ್ಟು ಫೋಟೊ. ಬಟನ್ ಒತ್ತಿದರೆ ಯಂತ್ರ ಕಲಿಯಿತು. ಹಣ್ಣು ತೋರಿಸಿದರೆ ಹೆಸರು ಹೇಳುತ್ತದೆ, ಎಷ್ಟು ಭರವಸೆ ಎಂದು ಶೇಕಡಾವಾರು ಲೆಕ್ಕವನ್ನೂ ಕೊಡುತ್ತದೆ. ಮಕ್ಕಳು ಕುಣಿದಾಡಿದರು. ಆಗ ಒಬ್ಬ ತುಂಟ ಬರೀ ಸ್ಟೀಲ್ ತಟ್ಟೆ ಹಿಡಿದ. ಯಂತ್ರ ‘ಬೇನಿಶಾನ್’ ಎಂದಿತು, ಅದೂ ಶೇ 90ಕ್ಕಿಂತ ಹೆಚ್ಚಿನ ಭರವಸೆಯಲ್ಲಿ! ಬೇನಿಶಾನ್ ಫೋಟೊಗಳನ್ನೆಲ್ಲ ತಟ್ಟೆಯಲ್ಲಿಟ್ಟು ತೆಗೆದಿದ್ದರು, ಹಿಮಾಯತ್‌ನದ್ದನ್ನು ಪೇಪರಿನ ಮೇಲಿಟ್ಟು. ಯಂತ್ರ ಕಲಿತದ್ದು ಹಣ್ಣನ್ನಲ್ಲ, ತಟ್ಟೆಯನ್ನು. ಎಐ ಯಾಕೆ ಆತ್ಮವಿಶ್ವಾಸದಿಂದ ತಪ್ಪು ಹೇಳುತ್ತದೆ ಎಂಬುದನ್ನು ದೊಡ್ಡವರಿಗೆ ವಿವರಿಸಲು ನಾನು ಈ ಅಂಕಣದಲ್ಲಿ ಕಾಲಂಗಟ್ಟಲೆ ಬರೆದಿದ್ದೇನೆ; ಆ ತುಂಟ ಒಂದು ತಟ್ಟೆಯಲ್ಲಿ ಮುಗಿಸಿದ. ಆಮೇಲೆ ಮಕ್ಕಳು ಮತ್ತೆ ಫೋಟೊ ತೆಗೆದರು. ಬೇರೆ ಬೇರೆ ಬೆಳಕು, ಬೇರೆ ಬೇರೆ ಕೈ, ತಟ್ಟೆಯಿಲ್ಲದೆ. ಸಂಜೆಗೆ ಪಾಠಸಾಮಗ್ರಿಯನ್ನು ಹೆಚ್ಚಿ ತಿಂದರು.

ವಯಸ್ಸಿನ ಬಗ್ಗೆ ಜಗಳ ಬೇಡ. ಏಳೆಂಟರ ಒಳಗಿನ ಮಗುವಿಗೆ ತಂತ್ರಜ್ಞಾನದ ಶಿಬಿರವೇ ಬೇಡ ಎಂಬುದು ನನ್ನ ಅಭಿಪ್ರಾಯ. ಮೈಸೂರಿನ ರಂಗಾಯಣದ ಚಿಣ್ಣರ ಮೇಳದಂಥದ್ದು ಹತ್ತಿರದಲ್ಲಿದ್ದರೆ ಅಲ್ಲಿಗೆ ಹಾಕಿ; ನಾಟಕ ಕಟ್ಟುವಾಗಲೂ ಎಲ್ಲವೂ ಕೊನೆ ಗಳಿಗೆಯಲ್ಲಿ ಕೈಕೊಟ್ಟು, ಮಕ್ಕಳೇ ದಾರಿ ಹುಡುಕಬೇಕಾಗುತ್ತದೆ. ಇಲ್ಲಿ ನಾಂಪಲ್ಲಿಯ ಪಬ್ಲಿಕ್ ಗಾರ್ಡನ್ಸ್‌ನಲ್ಲಿ ಜವಾಹರ್ ಬಾಲಭವನ ಇದೆ, ಕಡಿಮೆ ಶುಲ್ಕ. ಎಂಟು ದಾಟಿದವರಿಗೆ ಸ್ಕ್ರ್ಯಾಚ್ ಒಳ್ಳೆಯದು. ಪಾಪರ್ಟ್‌ನ ದಾರಿಯಲ್ಲೇ ನಡೆದ ಮಿಚೆಲ್ ರೆಸ್ನಿಕ್ ತಂಡ ಎಂಐಟಿಯಲ್ಲಿ ಮಾಡಿ 2007ರಲ್ಲಿ ಲೋಕಕ್ಕೆ ಬಿಟ್ಟದ್ದು, ಪೂರ್ತಿ ಉಚಿತ. ನೆನಪಿಡಿ, ಸ್ಕ್ರ್ಯಾಚ್ ಉಚಿತ, ಪೈಥಾನ್ ಉಚಿತ, ಆ್ಯಪ್ ಇನ್ವೆಂಟರ್ ಉಚಿತ. ‘ಸಾಫ್ಟ್‌ವೇರ್ ಚಾರ್ಜು’ ಎಂದು ರಸೀದಿಯಲ್ಲಿ ಬರೆದಿದ್ದರೆ ಯಾವ ಸಾಫ್ಟ್‌ವೇರು ಎಂದು ಕೇಳಿ. ನೀವು ಕೊಡುವ ದುಡ್ಡು ಕಲಿಸುವವರ ಸಮಯಕ್ಕೆ.

ಕಿಟ್ಟಿನ ಲೆಕ್ಕವೂ ಹಾಗೆಯೇ. ಕಿಟ್ಟು ಮಗುವಿನ ಜೊತೆ ಮನೆಗೆ ಬರುತ್ತದೋ, ಶಿಬಿರದಲ್ಲೇ ಉಳಿಯುತ್ತದೋ? ಉಳಿಯುವುದಾದರೆ ಬೇಸರವೇನಿಲ್ಲ. ಕೋಟಿಯ ಗುಜರಾತಿ ಗಲ್ಲಿಗೆ ಹೋದರೆ ಆರ್ಡುಯಿನೊ ನಕಲು ಬೋರ್ಡು ಕೆಲವು ನೂರು ರೂಪಾಯಿಗೆ, ಆ ಅಲ್ಟ್ರಾಸೋನಿಕ್ ಸೆನ್ಸರು ನೂರರ ಆಸುಪಾಸಿಗೆ ಸಿಗುತ್ತದೆ. ಶಿಬಿರದ ‘ಎಕ್ಸ್‌ಕ್ಲೂಸಿವ್ ಕಿಟ್’ ಬಿಚ್ಚಿ ನೋಡಿದರೆ ಒಳಗಿರುವುದು ಸಾಮಾನ್ಯವಾಗಿ ಅದೇ ಗಲ್ಲಿಯ ಮಾಲು, ಮೇಲೊಂದು ಸ್ಟಿಕರು. ಮಗುವನ್ನೇ ಆ ಗಲ್ಲಿಗೆ ಕರೆದುಕೊಂಡು ಹೋಗಿ, ಚೀಟಿ ಅವರ ಕೈಯಲ್ಲೇ ಇರಲಿ. ಅಂಗಡಿಯವರು ‘ಯಾವ ರೇಟಿಂಗ್?’ ಎಂದು ಕೇಳಿದಾಗ ತಬ್ಬಿಬ್ಬಾಗುವುದೂ ಪಾಠವೇ.

ಕಲಬುರಗಿಯ ಅಜ್ಜನಿಗೆ ಮೂರು ಮಾತು ಹೇಳಿದೆ. ಮೊದಲನೆಯದು ಪಂಚಾಂಗದ್ದು. ಕರ್ನಾಟಕದ ಶಾಲೆಗಳಿಗೆ ರಜೆ ಏಪ್ರಿಲ್ ಎರಡನೇ ವಾರ ಶುರುವಾಗಿ ಮೇ ಕೊನೆಗೆ ಮುಗಿದುಬಿಡುತ್ತದೆ. ತೆಲಂಗಾಣದ್ದು ಏಪ್ರಿಲ್ ಕೊನೆಗೆ ಶುರುವಾಗಿ ಜೂನ್ 12ಕ್ಕೆ ಶಾಲೆ. ಇಲ್ಲಿನ ಶಿಬಿರಗಳು ಇಲ್ಲಿನ ರಜೆ ನೋಡಿ ಬ್ಯಾಚು ಮಾಡುತ್ತವೆ, ಮೇ ಮಧ್ಯಕ್ಕೆ ಶುರುವಾಗುವ ಎರಡನೇ ಬ್ಯಾಚಿಗೆ ದುಡ್ಡು ಕಟ್ಟಿದರೆ ಅರ್ಧದಲ್ಲಿ ಹುಡುಗನನ್ನು ಎಬ್ಬಿಸಿಕೊಂಡು ಹೋಗಬೇಕಾದೀತು. ಎರಡನೆಯದು, ರಾಯದುರ್ಗಂ ಮೆಟ್ರೊ ಸ್ಟೇಷನ್ನಿನ ಕಡೆ ಬಂದಾಗ ಟಿ-ವರ್ಕ್ಸ್ ನೋಡಿಕೊಂಡು ಹೋಗಲಿ. 2023ರ ಮಾರ್ಚಿನಲ್ಲಿ ತೆರೆದ ಸರ್ಕಾರಿ ಪ್ರೊಟೊಟೈಪಿಂಗ್ ಕೇಂದ್ರ, 78 ಸಾವಿರ ಚದರ ಅಡಿ, ಲೇಸರ್ ಕಟರು, 3ಡಿ ಪ್ರಿಂಟರಿನಿಂದ ಹಿಡಿದು ಮರಗೆಲಸದವರೆಗೆ ಒಂದೇ ಸೂರಿನಡಿ. ಒಳಗೆ ಬಿಡುವ ದಿನ, ವೇಳೆ ಮೊದಲೇ ವಿಚಾರಿಸಿ ಹೋಗಬೇಕು.

ಮೂರನೆಯದು ಎಲ್ಲಕ್ಕಿಂತ ಮುಖ್ಯ: ಇಸ್ರೊದ ಯುವಿಕಾ. 2019ರಲ್ಲಿ ಶುರುವಾದ ಎರಡು ವಾರದ ಬೇಸಿಗೆ ಕಾರ್ಯಕ್ರಮ. ಕಾರ್ಯಕ್ರಮ ನಡೆಯುವ ವರ್ಷದ ಜನವರಿ 1ಕ್ಕೆ ಒಂಬತ್ತನೇ ತರಗತಿಯಲ್ಲಿ ಓದುತ್ತಿರುವವರಿಗೆ ಮಾತ್ರ. ಪ್ರಯಾಣ, ಊಟ, ವಸತಿ ಎಲ್ಲಾ ಇಸ್ರೊ ಖರ್ಚು. ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರವೂ ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಕೇಂದ್ರವೂ ಅದನ್ನು ನಡೆಸುವ ಜಾಗಗಳಲ್ಲಿ ಸೇರಿವೆ. ಆಯ್ಕೆಯಲ್ಲಿ ಎಂಟನೇ ತರಗತಿಯ ಅಂಕ, ಆನ್‌ಲೈನ್ ಕ್ವಿಜ್, ವಿಜ್ಞಾನ ಮೇಳದ ಸಾಧನೆ ಎಲ್ಲಕ್ಕೂ ತೂಕವುಂಟು, ಗ್ರಾಮೀಣ ಶಾಲೆಯ ಮಕ್ಕಳಿಗೆ ಹೆಚ್ಚುವರಿ ತೂಕವುಂಟು. ಮೊಮ್ಮಗ ಈಗ ಎಂಟು ಮುಗಿಸಿದ್ದಾನೆ, ಅಂದರೆ ಬರುವ ಜನವರಿಗೆ ಒಂಬತ್ತರಲ್ಲಿರುತ್ತಾನೆ. ಅರ್ಜಿ ಕರೆಯುವುದು ಸಾಮಾನ್ಯವಾಗಿ ಫೆಬ್ರುವರಿ-ಮಾರ್ಚಿನಲ್ಲಿ. ರಜೆ ಸಿಕ್ಕ ಮೇಲೆ ಎದ್ದು ಹುಡುಕುವವರಿಗೆ ಅದು ಎಂದೂ ಸಿಗುವುದಿಲ್ಲ. ‘ಪುಕ್ಕಟ ಅಂದ್ರ ಛಲೋ ಇರ್ತದೇನ್ರಿ?’ ಎಂದು ಅಜ್ಜನ ಅನುಮಾನ. ಉಪಗ್ರಹ ಕಟ್ಟಿದವರೇ ಎದುರು ನಿಂತು ಪಾಠ ಮಾಡುತ್ತಾರೆ ಎಂದ ಮೇಲೆ ಸುಮ್ಮನಾದರು.

ಉಳಿದ ಸಣ್ಣಪುಟ್ಟವು ಬೇಗ ಹೇಳಿಬಿಡುತ್ತೇನೆ. ಮೇ ತಿಂಗಳ ಹೈದರಾಬಾದಿನಲ್ಲಿ ಬಿಸಿಲು 42 ಡಿಗ್ರಿ ದಾಟುವುದುಂಟು. ಬೆಳಗಿನ ಬ್ಯಾಚು ಸಿಗದಿದ್ದರೆ ಹನ್ನೆರಡರಿಂದ ಮೂರರ ಬ್ಯಾಚಿಗೆ ಆಸೆಪಡಬೇಡಿ. ಕರೆಂಟು ಹೋದರೆ ಜನರೇಟರು ಇದೆಯೇ, ಹುಡುಗಿಯರಿಗೆ ಬೇರೆ ಶೌಚಾಲಯ ಇದೆಯೇ, ನೀವೇ ಒಳಗೆ ಹೋಗಿ ನೋಡಿ. ಫೀಸಿನ ಮೇಲೆ ಶೇ 18 ಜಿಎಸ್‌ಟಿ ಎಂದರೆ ರಸೀದಿಯಲ್ಲಿ ಜಿಎಸ್‌ಟಿ ಸಂಖ್ಯೆ ಇರಬೇಕು. ನೋಂದಣಿಯೇ ಇಲ್ಲದವರು ಅದನ್ನು ವಸೂಲು ಮಾಡುವಂತಿಲ್ಲ. ಎರಡು ದಿನಕ್ಕೆ ಮಗು ಒಲ್ಲೆ ಎಂದರೆ ಎಷ್ಟು ವಾಪಸು ಎಂಬುದು ಬರಹದಲ್ಲಿರಲಿ. ಇನ್ನು ಫೋಟೊ. ಶಿಬಿರದವರು ಮಕ್ಕಳ ವಿಡಿಯೊವನ್ನು ಇನ್‌ಸ್ಟಾಗ್ರಾಮಿಗೆ ಹಾಕಿ ಮುಂದಿನ ವರ್ಷದ ಜಾಹೀರಾತು ಮಾಡಿಕೊಳ್ಳುತ್ತಾರೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳೇ, ಅವರ ಮಾಹಿತಿ ಬಳಸಲು ಹೆತ್ತವರ ಖಚಿತ ಒಪ್ಪಿಗೆ ಬೇಕು. ಅರ್ಜಿ ನಮೂನೆಯ ಕೆಳಗೆ ಸಣ್ಣ ಅಕ್ಷರದಲ್ಲಿ ಅದನ್ನು ಸೇರಿಸಿರುತ್ತಾರೆ. ಬೇಡವೆನಿಸಿದರೆ ಆ ಸಾಲನ್ನು ಪೆನ್ನಿನಲ್ಲಿ ಹೊಡೆದು ಸಹಿ ಮಾಡಿ. ಸರ್ಟಿಫಿಕೇಟಿನ ಬಗ್ಗೆ ಹೇಳುವುದೇನೂ ಇಲ್ಲ. ಎಲ್ಲರಿಗೂ ಕೊಡುತ್ತಾರೆ.

ಕೊನೆಯದಾಗಿ, ಶಿಬಿರ ಸಿಗದವರಿಗೆ, ಕೊಡಲು ದುಡ್ಡಿಲ್ಲದವರಿಗೆ, ಅಥವಾ ಶಿಬಿರ ಮುಗಿದ ಮೇಲೆ ಮುಂದೇನು ಎನ್ನುವವರಿಗೆ. 2016ರಲ್ಲಿ ಶುರುವಾದ ಅಟಲ್ ಇನ್ನೋವೇಷನ್ ಮಿಷನ್ ಅಡಿಯಲ್ಲಿ ದೇಶದ 10 ಸಾವಿರ ಶಾಲೆಗಳಿಗೆ ಟಿಂಕರಿಂಗ್ ಲ್ಯಾಬ್ ಬಂದಿವೆ. ಒಂದೊಂದಕ್ಕೆ 20 ಲಕ್ಷ ರೂಪಾಯಿವರೆಗೆ ಅನುದಾನ. ಆರರಿಂದ ಹನ್ನೆರಡನೇ ತರಗತಿಯ ಮಕ್ಕಳಿಗಾಗಿ. 2025ರ ಕೇಂದ್ರ ಬಜೆಟ್ಟಿನಲ್ಲಿ ಸರ್ಕಾರಿ ಶಾಲೆಗಳಿಗೆ ಇನ್ನೂ 50 ಸಾವಿರ ಘೋಷಣೆಯಾಗಿವೆ. ಮೇಲೆ ಹೇಳಿದ ಬೋರ್ಡು, ಮೋಟಾರು, ಸೆನ್ಸರು, 3ಡಿ ಪ್ರಿಂಟರು ಎಲ್ಲ ಆ ಲ್ಯಾಬುಗಳಲ್ಲಿ ಇರಬೇಕಾದ ಸಾಮಾನು. ನಿಮ್ಮ ಮಗುವಿನ ಶಾಲೆಯಲ್ಲಿ, ಇಲ್ಲವೇ ಅದೇ ಊರಿನ ಇನ್ನೊಂದು ಶಾಲೆಯಲ್ಲಿ ಅಂಥದ್ದು ಇರಬಹುದು. ಜೂನ್‌ನಲ್ಲಿ ಶಾಲೆ ಶುರುವಾದಾಗ ಹೋಗಿ, ಲ್ಯಾಬ್ ಇದೆಯೇ ಎಂದು ಕೇಳಬೇಡಿ, ‘ಇದೆ’ ಎಂದೇ ಹೇಳುತ್ತಾರೆ. ಅದರ ಬೀಗದ ಕೈ ಯಾರ ಹತ್ತಿರ ಇರುತ್ತದೆ, ವಾರದಲ್ಲಿ ಯಾವ ದಿನ ತೆಗೆಯುತ್ತಾರೆ ಎಂದು ಕೇಳಿ.